ಅಟ್ಟದಿಂದ ಬಿದ್ದ ಇಲಿ, ತೋಳಿಗೆ ಇಳಿದ ಸೂಜಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹಳೆಯ ಮನೆಗಳಲ್ಲಿ ಅಟ್ಟವೆಂದರೆ ಬರಿಯ ಹಳೆ ಸಾಮಾನು ತುಂಬುವ ಜಾಗವಲ್ಲ; ಅದು ಮನೆಯ ಬ್ಯಾಂಕು. ಬಲಿತ ತೆಂಗಿನಕಾಯಿಯನ್ನು ಸಿಪ್ಪೆಸಮೇತ ಅಲ್ಲಿಗೆ ಏರಿಸಿದರೆ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷವೇ, ಅದನ್ನು ಮುಟ್ಟುವಂತಿಲ್ಲ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ಚಿಪ್ಪನ್ನು ಬಿಡಬೇಕು, ಅಲ್ಲಾಡಿಸಿದರೆ ಒಳಗೆ ಗಡಗಡ ಉರುಳಬೇಕು. ಆಗ ಅದು ಉಂಡೆ ಕೊಬ್ಬರಿ. ಮಗಳ ಮದುವೆ, ಸಾಲದ ಕಂತು, ಮುಂದಿನ ವರ್ಷದ ಬೇಸಾಯ ಎಲ್ಲವೂ ಆ ಅಟ್ಟದ ಮೇಲೆಯೇ ಒಣಗುತ್ತಿರುತ್ತವೆ.

ಇಂಥ ಅಟ್ಟದಿಂದ ಒಂದು ಬೆಳಿಗ್ಗೆ ಇಲಿಯೊಂದು ತಾನಾಗಿ ಕೆಳಗೆ ಬಿದ್ದು, ಸುತ್ತು ತಿರುಗಿ ಸತ್ತರೆ ಮನೆಯವರು ಏನು ಮಾಡಬೇಕು? ನೂರು ವರ್ಷದ ಹಿಂದೆ ಹಳ್ಳಿಯಲ್ಲಿ ಇದಕ್ಕೆ ಒಂದೇ ಉತ್ತರವಿತ್ತು: ಊರು ಬಿಡಬೇಕು. ‘ಇಲಿ ಬಿತ್ತಂತೆ’ ಎಂಬ ಮಾತು ಒಂದು ಕೇರಿಯಿಂದ ಇನ್ನೊಂದು ಕೇರಿಗೆ ಹೋಗುವಷ್ಟರಲ್ಲಿ ಪಾತ್ರೆ ಪಡಗ, ದನಕರು, ಮುದುಕರು, ಮಕ್ಕಳು ಎಲ್ಲರೂ ಊರಾಚೆಯ ತೋಟಕ್ಕೋ ಹೊಲಕ್ಕೋ ಹೊರಡುತ್ತಿದ್ದರು. ತೆಂಗಿನ ಗರಿಯ ಗುಡಿಸಲು ಎದ್ದು ನಿಲ್ಲುತ್ತಿತ್ತು. ಅಟ್ಟದ ಕಾಯಿ ಅಟ್ಟದಲ್ಲೇ ಉಳಿಯುತ್ತಿತ್ತು. ವರ್ಷದ ಆದಾಯವನ್ನು ಖಾಲಿ ಊರಿನಲ್ಲಿ ಬೀಗದ ಭರವಸೆಗೆ ಬಿಟ್ಟುಬರುವುದು ಎಷ್ಟು ಕಷ್ಟ ಎಂಬುದನ್ನು ಕೊಬ್ಬರಿ ಬೆಳೆದವರಿಗೆ ವಿವರಿಸಬೇಕಾಗಿಲ್ಲ.

ಕೊರೊನಾ ಕಾಲದಲ್ಲಿ ಹೊಸ ಲಸಿಕೆಯನ್ನು ನಂಬಬೇಕೋ ಬೇಡವೋ ಎಂದು ನಡೆದ ವಾದವನ್ನು ಈಚಿನದೆಂದು ನಾವು ಭಾವಿಸಿದ್ದೇವೆ. ಆದರೆ ಜಗತ್ತನ್ನೇ ಸುತ್ತಿದ ಒಂದು ಮಾರಿ, ಅದರ ನಡುವೆಯೇ ತರಾತುರಿಯಲ್ಲಿ ತಯಾರಾದ ಒಂದು ಹೊಸ ಚುಚ್ಚುಮದ್ದು, ಅದನ್ನು ಕುರಿತು ಜನರಲ್ಲಿ, ಪತ್ರಿಕೆಗಳಲ್ಲಿ, ವೈದ್ಯರಲ್ಲಿ ಕೂಡ ಭಿನ್ನಮತ, ಇವೆಲ್ಲವನ್ನೂ ಮೈಸೂರು ಸೀಮೆ 1898ರಲ್ಲೇ ನೋಡಿತ್ತು. ಆ ಕಥೆಯಲ್ಲಿ ಸೂಜಿಗೆ ಹೆದರಿದ ಹಳ್ಳಿಗರನ್ನು ಮೂಢರೆಂದು ಬದಿಗಿಡುವುದು ವಾಡಿಕೆ. ಅದು ಅರ್ಧ ಸತ್ಯವೂ ಅಲ್ಲ.

ಪ್ಲೇಗು ಹಾಂಗ್‌ಕಾಂಗ್‌ನಿಂದ ಹಡಗುಗಳಲ್ಲಿ ಹರಡಿ 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡಿತು. ಮುಂಬಯಿಯಿಂದ ಪುಣೆ, ಅಲ್ಲಿಂದ ಧಾರವಾಡ, ಹುಬ್ಬಳ್ಳಿ. 1898ರ ಆಗಸ್ಟಿನಲ್ಲಿ ಬೆಂಗಳೂರು. ಹುಬ್ಬಳ್ಳಿಯಿಂದ ಬಂದ ರೈಲಿನೊಂದಿಗೇ ಅದು ಬೆಂಗಳೂರಿಗೆ ಇಳಿಯಿತೆಂದು ಆಗಿನ ದಾಖಲೆಗಳು ಹೇಳುತ್ತವೆ. ಹರಿಹರದವರೆಗಿನ ಈ ರೈಲುದಾರಿ ಪೂರ್ತಿಯಾಗಿ ಇನ್ನೂ ಹತ್ತು ವರ್ಷವಾಗಿರಲಿಲ್ಲ. ಬೀರೂರು, ಅರಸೀಕೆರೆ, ತಿಪಟೂರು, ಗುಬ್ಬಿ, ತುಮಕೂರು ದಾಟಿಯೇ ಆ ಗಾಡಿ ಬೆಂಗಳೂರು ಸೇರಬೇಕು. ತಿಪಟೂರಿನ ಕೊಬ್ಬರಿಯನ್ನು ದೂರದ ಪೇಟೆಗಳಿಗೆ ಒಯ್ಯುವ ದಾರಿಯೇ ಮಾರಿಯನ್ನೂ ತರುವ ದಾರಿಯಾಯಿತು. 1891ರಲ್ಲಿ 1 ಲಕ್ಷ 80 ಸಾವಿರವಿದ್ದ ಬೆಂಗಳೂರಿನ ಜನಸಂಖ್ಯೆ 1901ರ ಗಣತಿಯಲ್ಲಿ 1 ಲಕ್ಷ 59 ಸಾವಿರಕ್ಕೆ ಇಳಿದಿತ್ತು. ಸತ್ತವರಿಷ್ಟು, ಬಿಟ್ಟುಹೋದವರಿಷ್ಟು.

ಸರ್ಕಾರ ಸುಮ್ಮನಿರಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತ ವಿ.ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರ್ ಆಗಿ ನೇಮಿಸಿತು. ಮನೆಮನೆ ತಪಾಸಣೆ, ರೋಗಿಗಳನ್ನು ಎತ್ತಿ ಆಸ್ಪತ್ರೆಗೆ ಸಾಗಿಸುವುದು, ಅವರ ಮನೆಯವರನ್ನು ಶಿಬಿರದಲ್ಲಿ ಇರಿಸುವುದು, ಹೆಂಚು ತೆಗೆದು ಬಿಸಿಲು ಬಿಡಿಸುವುದು, ಬಟ್ಟೆಬರೆ ಸುಡುವುದು, ರೈಲು ನಿಲ್ದಾಣದಲ್ಲಿ ಪ್ರಯಾಣಿಕರ ಕಂಕುಳು ಮುಟ್ಟಿ ಗಡ್ಡೆ ಇದೆಯೇ ಎಂದು ನೋಡುವುದು. ಇದರಲ್ಲಿ ಹೆಚ್ಚಿನವು ಬ್ರಿಟಿಷ್ ಸೀಮೆಯ ಮಾದರಿಗಳು. ಹೆಣವನ್ನೂ ಪರೀಕ್ಷೆಯಿಲ್ಲದೆ ಎತ್ತುವಂತಿರಲಿಲ್ಲ. ಆದ್ದರಿಂದ ಜನ ಹೆಣ ಬಚ್ಚಿಟ್ಟರು. ರಾತ್ರಿ ಹಿತ್ತಲಲ್ಲೇ ಹೂಳುವುದು, ರೋಗಿಯನ್ನು ನೆಂಟರ ಊರಿಗೆ ಸಾಗಿಸುವುದು ಎಲ್ಲ ಕಡೆ ನಡೆಯಿತು. ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನನ್ನು 1897ರ ಜೂನ್ 22ರಂದು ಚಾಪೇಕರ್ ಸಹೋದರರು ಗುಂಡಿಕ್ಕಿದರು. ನಮ್ಮಲ್ಲಿ 1898ರಲ್ಲಿ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನ ಜನ ಪ್ಲೇಗ್ ಕಟ್ಟಳೆಗಳ ವಿರುದ್ಧ ದಂಗೆಯೆದ್ದರು.

ಹೀಗೆ ಬಾಗಿಲು ಒದ್ದು ಒಳಬಂದ ಕೈಯೇ ನಾಳೆ ಸೂಜಿ ಹಿಡಿದು ಬಂದರೆ ಯಾರು ನಂಬುತ್ತಾರೆ?

ಆ ಸೂಜಿಯ ಹಿಂದಿದ್ದವನು ವಾಲ್ಡೆಮಾರ್ ಹಾಫ್‌ಕಿನ್. ಒಡೆಸ್ಸಾದ ಯಹೂದಿ, ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಕಲಿತವನು, ಕಾಲರಾಕ್ಕೆ ಚುಚ್ಚುಮದ್ದು ಮಾಡಿ 1893ರಲ್ಲಿ ಭಾರತಕ್ಕೆ ಬಂದವನು. 1896ರ ಅಕ್ಟೋಬರಿನಲ್ಲಿ ಮುಂಬಯಿಗೆ ಕರೆಸಿಕೊಂಡಾಗ ಅವನಿಗೆ ಸಿಕ್ಕದ್ದು ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಒಂದು ಪುಟ್ಟ ಜಾಗ, ಬೆರಳೆಣಿಕೆಯ ಸಹಾಯಕರು. ಮೂರೇ ತಿಂಗಳಲ್ಲಿ ಮದ್ದು ತಯಾರಾಯಿತು. 1897ರ ಜನವರಿ 10ರಂದು ಅದನ್ನು ಮೊದಲು ತನಗೇ ಚುಚ್ಚಿಕೊಂಡ. ಆ ತಿಂಗಳ ಕೊನೆಯಲ್ಲಿ ಬೈಕುಲಾ ಜೈಲಿನ ಕೈದಿಗಳಲ್ಲಿ ಒಪ್ಪಿದವರಿಗೆ ಕೊಟ್ಟು, ಒಪ್ಪದವರೊಂದಿಗೆ ಹೋಲಿಸಿ ನೋಡಿದ. ಮೂರು ತಿಂಗಳ ತಯಾರಿ, ಜೈಲಿನಲ್ಲಿ ಪರೀಕ್ಷೆ! ಇಂದು ಯಾವ ಸಮಿತಿಯೂ ಇದನ್ನು ಒಪ್ಪಲಾರದು.

ತಯಾರಿಕೆಯ ಬಗೆಯೂ ಕುತೂಹಲದ್ದೇ. ಪ್ಲೇಗಿನ ಸೂಕ್ಷ್ಮಜೀವಿ ಬೆಳೆಯಲು ಒಂದು ಸಾರು ಬೇಕು. ಹಿಂದೂಗಳಿಗೂ ಮುಸಲ್ಮಾನರಿಗೂ ಅಡ್ಡಿಯಾಗದಿರಲೆಂದು ದನ, ಹಂದಿಗಳ ಮಾಂಸ ಬಿಟ್ಟು ಆಡಿನ ಮಾಂಸದಿಂದ ಸಾರು ಕಾಯಿಸಿದರು. ಆ ಸಾರಿನ ಮೇಲೆ ತುಪ್ಪದ ಅಥವಾ ಕೊಬ್ಬರಿ ಎಣ್ಣೆಯ ಕೆಲವು ಹನಿ ತೇಲಬಿಟ್ಟರೆ ಸೂಕ್ಷ್ಮಜೀವಿಗಳು ಆ ಹನಿಗಳಿಗೆ ಅಂಟಿಕೊಂಡು ಗುಹೆಯ ಚಾವಣಿಯ ಕಲ್ಲುಗಳಂತೆ ಕೆಳಗೆ ಇಳಿಬೀಳುತ್ತಿದ್ದವು. ಅಲುಗಿಸಿದರೆ ತಳಕ್ಕೆ ಬಿದ್ದು, ಹನಿಯ ಕೆಳಗೆ ಹೊಸ ಬೆಳೆ. ಕೊನೆಗೆ ಎಲ್ಲವನ್ನೂ ಕಾಯಿಸಿ, ಸೂಕ್ಷ್ಮಜೀವಿಗಳನ್ನು ಕೊಂದು, ಕಾರ್ಬಾಲಿಕ್ ಆಮ್ಲ ಬೆರೆಸಿ ಸೀಸೆಗೆ ತುಂಬುವುದು. ಕೊಬ್ಬರಿ ನಾಡಿನ ಎಷ್ಟೋ ಮಂದಿ ಈ ಸೀಸೆಯಲ್ಲಿ ದನದ, ಹಂದಿಯ ಕೊಬ್ಬಿದೆ ಎಂಬ ವದಂತಿ ಕೇಳಿ ಓಡಿರಬಹುದು; ತಮ್ಮ ಮನೆಯ ಎಣ್ಣೆಯೇ ಅದರ ಕೆಲಸಕ್ಕೆ ಬೀಳುತ್ತದೆಂದು ಅವರಿಗೆ ಯಾರೂ ಹೇಳಿರಲಾರರು. ಹೇಳುವ ಅಗತ್ಯವಿದೆ ಎಂದೇ ಆಳುವವರಿಗೆ ಹೊಳೆದಿರಲಿಲ್ಲ.

ವದಂತಿಗಳಿಗೇನೂ ಬರವಿರಲಿಲ್ಲ. ಚುಚ್ಚಿಸಿಕೊಂಡವರು ಸ್ಥಳದಲ್ಲೇ ಸಾಯುತ್ತಾರೆ, ಗಂಡಸರಿಗೆ ಗಂಡಸುತನ ಹೋಗುತ್ತದೆ, ಹೆಂಗಸರು ಬಂಜೆಯರಾಗುತ್ತಾರೆ, ಜಾತಿ ಕೆಡಿಸಲು ಸರ್ಕಾರ ಹೂಡಿದ ಉಪಾಯವಿದು. 2021ರಲ್ಲಿ ಮೊಬೈಲಿನಲ್ಲಿ ಓಡಾಡಿದ ಸಂದೇಶಗಳನ್ನು ಓದಿದವರಿಗೆ ಇದು ಹಳೆಯ ನಾಟಕದ ಹೊಸ ಪ್ರಯೋಗದಂತೆ ಕಾಣುತ್ತದೆ. ಆದರೆ ವದಂತಿಯ ಆಚೆಗೆ ನಿಜವಾದ ಕಾರಣಗಳೂ ಇದ್ದವು. ಮದ್ದು ಚುಚ್ಚಿಸಿಕೊಂಡರೆ ಒಂದೆರಡು ದಿನ ಕಾಯುವ ಜ್ವರ, ತೋಳು ಎತ್ತಲಾಗದ ನೋವು. ಕೂಲಿಯವನಿಗೆ ಅದು ಎರಡು ದಿನದ ಅನ್ನ. ಅಷ್ಟಾದರೂ ರಕ್ಷಣೆ ಪೂರ್ತಿಯಲ್ಲ. ರೋಗ ತಗಲುವ ಸಂಭವ ಸುಮಾರು ಅರ್ಧದಷ್ಟು ತಗ್ಗುತ್ತಿತ್ತು, ತಗಲಿದರೂ ಬದುಕುವ ಆಸೆ ಹೆಚ್ಚುತ್ತಿತ್ತು. ಆ ರಕ್ಷಣೆಯೂ ಕೆಲವು ತಿಂಗಳಷ್ಟೇ. ಮುಂದಿನ ವರ್ಷ ಮಾರಿ ಬಂದರೆ ಮತ್ತೆ ಚುಚ್ಚಿಸಿಕೊಳ್ಳಬೇಕು. ಚುಚ್ಚಿಸಿಕೊಂಡ ನೆರೆಯವನು ಗಡ್ಡೆ ಬಂದು ಸತ್ತದ್ದನ್ನು ಕಣ್ಣಾರೆ ಕಂಡವನಿಗೆ ‘ಅರ್ಧದಷ್ಟು’ ಎಂಬ ಲೆಕ್ಕ ಹೇಳಿ ಒಪ್ಪಿಸುವುದು ಹೇಗೆ? ಲೆಕ್ಕ ಊರಿಗೆ ಸೇರಿದ್ದು, ಸಾವು ಮನೆಗೆ ಸೇರಿದ್ದು.

ಇನ್ನೊಂದು ಮಾತಿದೆ, ಅದು ಬಹುಮಂದಿಗೆ ಹೊಳೆಯುವುದಿಲ್ಲ. ಹಳ್ಳಿಗರು ಸೂಜಿ ಬೇಡವೆಂದಾಗ ಕೈಕಟ್ಟಿ ಕೂತಿರಲಿಲ್ಲ. ಅವರ ಬಳಿ ಬೇರೊಂದು ಮದ್ದಿತ್ತು, ಊರು ಬಿಡುವುದು. ಅದು ನಿಜವಾಗಿಯೂ ಕೆಲಸ ಮಾಡುತ್ತಿತ್ತು. ಪ್ಲೇಗು ಮೊದಲು ಇಲಿಯ ರೋಗ. ಇಲಿ ಸತ್ತು ಮೈ ತಣ್ಣಗಾದಾಗ ಅದರ ಮೇಲಿನ ಚಿಗಟಗಳು ಬಿಸಿ ಮೈ ಹುಡುಕಿಕೊಂಡು ಬೇರೆ ಇಲಿಗೆ, ಇಲಿಗಳೇ ಮುಗಿದಾಗ ಮನುಷ್ಯನಿಗೆ ಹತ್ತುತ್ತವೆ. ಇಲಿ ಬೀಳುವುದಕ್ಕೂ ಮನೆಯಲ್ಲಿ ಮೊದಲ ಗಡ್ಡೆ ಕಾಣುವುದಕ್ಕೂ ನಡುವೆ ಹತ್ತು ಹನ್ನೆರಡು ದಿನದ ಬಿಡುವಿರುತ್ತಿತ್ತು. ಆ ಬಿಡುವಿನಲ್ಲಿ ಊರು ಬಿಟ್ಟವರು ಉಳಿದರು. ಚಿಗಟದ ಪಾತ್ರವನ್ನು ಪಾಲ್ ಲೂಯಿ ಸಿಮೊಂದ್ ಎಂಬ ಫ್ರೆಂಚ್ ವೈದ್ಯ 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದಾಗ ದೊಡ್ಡ ದೊಡ್ಡ ತಜ್ಞರು ನಕ್ಕರು. ಅವನು ಹೇಳಿದ್ದು ಸರಿಯೆಂದು ಸ್ಥಿರಪಡಲು 1905ರಲ್ಲಿ ಆರಂಭವಾದ ಸಂಶೋಧನಾ ಆಯೋಗದ ಕೆಲಸವಾಗಬೇಕಾಯಿತು. ಅಲ್ಲಿಯವರೆಗೆ ಸರ್ಕಾರ ಮನೆ ತೊಳೆಯಿಸಿ, ಬಟ್ಟೆ ಸುಟ್ಟು, ಜನರನ್ನು ಹಿಡಿದು ಕೂಡಿಹಾಕುತ್ತಿದ್ದಾಗ, ಇಲಿ ಬಿದ್ದೊಡನೆ ಗಂಟುಮೂಟೆ ಕಟ್ಟಿದ ರೈತನಿಗೆ ಮಾರಿಯ ನಡಿಗೆ ಹೆಚ್ಚು ಚೆನ್ನಾಗಿ ಗೊತ್ತಿತ್ತು. ಮಾರಮ್ಮನಿಗೆ ಹರಕೆ ಹೊತ್ತೇ ಹೊರಟ ಎನ್ನಿ. ಬೆಂಗಳೂರಿನಲ್ಲಿ ಪ್ಲೇಗ್ ಮಾರಮ್ಮನ ಗುಡಿಗಳು ಇಂದಿಗೂ ಇವೆ. ಆದರೆ ಹರಕೆಯ ಜೊತೆಗೆ ಕಾಲೂ ನಡೆಯಿತಲ್ಲ! ತನಗೆ ಗೊತ್ತಿದ್ದ ಈ ಒಂದು ವಿಷಯದಲ್ಲಿ ಸರ್ಕಾರಕ್ಕಿಂತ ಮುಂದಿದ್ದವನು ತನಗೆ ಗೊತ್ತಿಲ್ಲದ ಸೂಜಿಯ ವಿಷಯದಲ್ಲಿ ಸರ್ಕಾರವನ್ನು ನಂಬದೆ ಹೋದದ್ದು ತಪ್ಪು ನಿಜ, ವಿಚಿತ್ರವಲ್ಲ.

ವಿದ್ಯಾವಂತರು ಮಾತ್ರ ಒಮ್ಮತದಿಂದಿದ್ದರು ಎನ್ನುವಂತೆಯೂ ಇಲ್ಲ. ಸಿಡುಬಿನ ದಾಕನ್ನು ಕಡ್ಡಾಯ ಮಾಡಿದ್ದ ಇಂಗ್ಲೆಂಡಿನಲ್ಲೇ ಜನ ದಶಕಗಳ ಕಾಲ ಚಳವಳಿ ಹೂಡಿ, ಇದೇ 1898ರಲ್ಲಿ, ಮನಸ್ಸಾಕ್ಷಿಗೆ ಒಪ್ಪದ ತಂದೆತಾಯಿ ಮಕ್ಕಳಿಗೆ ದಾಕು ಹಾಕಿಸದಿರಬಹುದು ಎಂಬ ಕಾನೂನನ್ನು ಪಡೆದರು. ಗಾಂಧೀಜಿಯವರು 1913ರಲ್ಲಿ ಬರೆದ ಆರೋಗ್ಯ ಲೇಖನಗಳಲ್ಲಿ ದಾಕನ್ನು ಕಟುವಾಗಿ ವಿರೋಧಿಸಿದ್ದರು. ಅದೇ ಕಾಲಕ್ಕೆ ಬೇರೆ ದಾರಿ ಹಿಡಿದವರೂ ಇದ್ದರು. ಮುಂಬಯಿಯಲ್ಲಿ ಯುವಕ ಆಗಾಖಾನರು ತಮ್ಮ ಅನುಯಾಯಿಗಳ ಎದುರಿಗೇ ಚುಚ್ಚಿಸಿಕೊಂಡು ತೋರಿಸಿದರು. ಖೋಜಾ ಸಮುದಾಯ ಹಿಂಬಾಲಿಸಿತು. ಹುಬ್ಬಳ್ಳಿಯಲ್ಲಿ 1898ರಲ್ಲಿ ಹತ್ತಾರು ಸಾವಿರ ಜನ ಚುಚ್ಚಿಸಿಕೊಂಡರು. ಅದರಲ್ಲಿ ನಂಬಿಕೆ ಎಷ್ಟು, ಚೀಟಿಯ ಆಸೆ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಏಕೆಂದರೆ ಮದ್ದು ಹಾಕಿಸಿಕೊಂಡ ಚೀಟಿ ಕೈಯಲ್ಲಿದ್ದರೆ ಶಿಬಿರಕ್ಕೆ ಸಾಗಿಸುವ ಕಾಟ ತಪ್ಪುತ್ತಿತ್ತು.

ಆಮೇಲೆ ಬಂದದ್ದು ಮುಲ್ಕೋವಾಲ್. ಪಂಜಾಬಿನ ಈ ಹಳ್ಳಿಯಲ್ಲಿ 1902ರ ಅಕ್ಟೋಬರ್ 30ರಂದು 107 ಮಂದಿಗೆ ಹಾಫ್‌ಕಿನ್ ಮದ್ದು ಚುಚ್ಚಿದರು. ಅವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಹತ್ತೊಂಬತ್ತಕ್ಕೆ ಹತ್ತೊಂಬತ್ತೂ ಒಂದೇ ಸೀಸೆಯವರು. ತನಿಖೆ ನಡೆಸಿದವರು ತಪ್ಪು ಮುಂಬಯಿಯ ಪ್ರಯೋಗಾಲಯದ್ದೆಂದರು. ಹಾಫ್‌ಕಿನ್ ಹುದ್ದೆ ಕಳೆದುಕೊಂಡ. ಆದರೆ ಸೀಸೆಯ ಬಿರಡೆ ತೆಗೆಯುವ ಚಿಮಟ ಆ ದಿನ ಹಳ್ಳಿಯಲ್ಲಿ ಮಣ್ಣಿಗೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಿ ಮಾಡದೆ ಬಳಸಲಾಗಿತ್ತು ಎಂಬ ಸಂಗತಿ ಕಡತದಲ್ಲೇ ಇತ್ತು. ಧನುರ್ವಾಯುವಿನ ಬೀಜ ಇರುವುದು ಮಣ್ಣಿನಲ್ಲಿ. 1907ರಲ್ಲಿ ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ಪತ್ರ ಬರೆದು ಗದ್ದಲ ಮಾಡಿದ ಮೇಲೆ ಹಾಫ್‌ಕಿನ್ ನಿರ್ದೋಷಿ ಎಂದಾಯಿತು. ಮುಂಬಯಿಯ ಪರೇಲಿನ ಆ ಪ್ರಯೋಗಾಲಯಕ್ಕೆ 1925ರಲ್ಲಿ ಅವನ ಹೆಸರನ್ನೇ ಇಟ್ಟರು. ಐದು ವರ್ಷ ತಡವಾಗಿ ಬಂದ ಸತ್ಯ ಹಾಫ್‌ಕಿನ್‌ನ ಮಾನ ಉಳಿಸಿತು. ಸೂಜಿಯ ಮಾನವನ್ನು ಉಳಿಸಲಿಲ್ಲ. ಹತ್ತೊಂಬತ್ತು ಸಾವಿನ ಸುದ್ದಿ ಹೋದಷ್ಟು ದೂರ ಚಿಮಟದ ಸುದ್ದಿ ಹೋಗಲೇ ಇಲ್ಲ.

ಪ್ಲೇಗು ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂದಿತು. ತೆಂಗಿನ ಸೀಮೆಯನ್ನು ಅದು ನಾಲ್ಕೈದು ದಶಕ ಬಿಟ್ಟುಹೋಗಲಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೆಶಿವರದಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪನವರು ಬಾಲ್ಯದಲ್ಲೇ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡವರು. ತಿಪಟೂರು, ಚನ್ನರಾಯಪಟ್ಟಣಗಳ ಸುತ್ತಿನ ಬದುಕನ್ನು ಚಿತ್ರಿಸುವ ಅವರ ‘ಗೃಹಭಂಗ’ (1970) ಓದಿದವರಿಗೆ ಪ್ಲೇಗು ಒಂದು ಸಂಸಾರವನ್ನು ಹೇಗೆ ಕೀಳುತ್ತದೆಂದು ಹೊಸದಾಗಿ ಹೇಳಬೇಕಿಲ್ಲ. ಆ ಹೊತ್ತಿಗೆ ಸೂಜಿ ಹೊಸತಾಗಿ ಉಳಿದಿರಲಿಲ್ಲ. ಒತ್ತಾಯ ಹೋಗಿತ್ತು, ಪಟ್ಟಣದಿಂದ ಬಂದ ಅಪರಿಚಿತನ ಬದಲು ಹೋಬಳಿಯ ಗೊತ್ತಿರುವ ಡಾಕ್ಟರು, ಮಕ್ಕಳಿಗೆ ದಾಕು ಹಾಕುವ ಅದೇ ಮನುಷ್ಯ, ಚುಚ್ಚುತ್ತಿದ್ದ. ಊರು ಬಿಡುವುದೂ ಸೂಜಿಯೂ ಜೊತೆಜೊತೆಗೆ ನಡೆಯತೊಡಗಿದವು. ಯಾರೂ ವಾದದಲ್ಲಿ ಸೋತು ಒಪ್ಪಿದ್ದಲ್ಲ. ಕೊನೆಗೆ ಮಾರಿಯನ್ನು ಅಟ್ಟಿದ್ದು ಡಿಡಿಟಿ ಮತ್ತು ಸ್ಟ್ರೆಪ್ಟೊಮೈಸಿನ್‌ನಂಥ ಔಷಧಗಳು.

ಇನ್ನು ನಮ್ಮ ಕಾಲ. 2021ರ ಜನವರಿ 3ರಂದು ಕೋವಿಶೀಲ್ಡ್, ಕೊವ್ಯಾಕ್ಸಿನ್ ಎರಡಕ್ಕೂ ಅನುಮತಿ ಸಿಕ್ಕಿತು. 16ರಂದು ಲಸಿಕೆ ಆರಂಭವಾಯಿತು. ಕೊವ್ಯಾಕ್ಸಿನ್‌ನ ಮೂರನೆಯ ಹಂತದ ಪರೀಕ್ಷೆಯ ಫಲಿತಾಂಶ ಆಗಿನ್ನೂ ಬಂದಿರಲಿಲ್ಲ. ‘ಪ್ರಾಯೋಗಿಕ ರೀತಿಯಲ್ಲಿ’ ಕೊಡಬಹುದು ಎಂದು ಅನುಮತಿ ಕೊಟ್ಟು, ಪಡೆಯುವವರಿಂದ ಒಪ್ಪಿಗೆ ಪತ್ರಕ್ಕೆ ರುಜು ಹಾಕಿಸಿಕೊಂಡರು. ಮೊದಲ ದಿನವೇ ದಿಲ್ಲಿಯ ರಾಮಮನೋಹರ ಲೋಹಿಯಾ ಆಸ್ಪತ್ರೆಯ ಕಿರಿಯ ವೈದ್ಯರು ತಮಗೆ ಇನ್ನೊಂದು ಲಸಿಕೆ ಕೊಡಿ ಎಂದು ಬರೆದರು. ಅವರನ್ನು ಯಾರೂ ಮೂಢರು ಎನ್ನಲಾಗದು. ಮಾರ್ಚಿನಲ್ಲಿ ಮೊದಲ ಫಲಿತಾಂಶ ಹೊರಬಿತ್ತು, ನವೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ ಬಂತು. ಲಸಿಕೆ ಪರವಾಗಿಲ್ಲ ಎಂಬುದು ಸಾಬೀತಾಯಿತು. ಆದರೆ ಆ ಎರಡು ತಿಂಗಳ ಆತುರ ಜನರ ಮನಸ್ಸಿನಲ್ಲಿ ಬಿಟ್ಟ ಕಲೆಯನ್ನು ಯಾವ ಫಲಿತಾಂಶವೂ ಒರೆಸಲಿಲ್ಲ ಎಂದೇ ನನ್ನ ಭಾವನೆ.

ಕೋವಿಶೀಲ್ಡಿನ ಕಥೆ ಬೇರೆ. ಅದೇ ಸೂತ್ರದ ಆಸ್ಟ್ರಾಜೆನೆಕಾ ಲಸಿಕೆಯಿಂದ ಬಹು ಅಪರೂಪವಾಗಿ ರಕ್ತ ಹೆಪ್ಪುಗಟ್ಟುವ ತೊಂದರೆ ಬರುತ್ತದೆಂದು ಯುರೋಪಿನ ಔಷಧ ನಿಯಂತ್ರಕರು 2021ರ ಏಪ್ರಿಲ್‌ನಲ್ಲೇ ಬಹಿರಂಗವಾಗಿ ಹೇಳಿದ್ದರು. ಬರುವುದಿದ್ದರೆ ಅದು ಚುಚ್ಚಿಸಿಕೊಂಡ ಕೆಲವೇ ವಾರಗಳಲ್ಲಿ; ವರ್ಷಗಳ ಬಳಿಕವಲ್ಲ. ನಮ್ಮ ಹಳ್ಳಿಗಳ ಲಸಿಕಾ ಕೇಂದ್ರಗಳಲ್ಲಿ ಇದನ್ನು ಬಿಡಿಸಿ ಹೇಳಿದವರು ಎಷ್ಟು ಮಂದಿಯೋ. 2024ರಲ್ಲಿ ಆ ಕಂಪನಿ ಲಂಡನ್ನಿನ ನ್ಯಾಯಾಲಯದ ಕಾಗದದಲ್ಲಿ ಅದೇ ಮಾತನ್ನು ಒಪ್ಪಿಕೊಂಡಿದೆ ಎಂಬ ಸುದ್ದಿ ಬಂದಾಗ ಮೂರು ವರ್ಷದ ಹಳೆಯ ಸಂಗತಿ ಈಗ ತಾನೇ ಬಯಲಾದ ಗುಟ್ಟಿನಂತೆ ಮನೆಮನೆ ಹೊಕ್ಕಿತು.

ಆ ನೆಲದ ಮೇಲೆಯೇ 2025ರ ಬೇಸಿಗೆಯ ಕೊನೆಯಲ್ಲಿ ಹಾಸನದ ಸುದ್ದಿ ಬಿದ್ದದ್ದು. ಹಾಸನ ಜಿಲ್ಲೆಯೇನು ದೂರವಲ್ಲ. ತಿಪಟೂರಿನ ತೆಂಗಿನ ಸಾಲು ಕಡಿಯದೆ ಅರಸೀಕೆರೆ, ಚನ್ನರಾಯಪಟ್ಟಣಗಳಿಗೆ ಹಬ್ಬಿದೆ. ಸುಮಾರು 40 ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ, ಕೆಲವರು ಚಿಕ್ಕ ವಯಸ್ಸಿನವರು, ಹೃದಯಾಘಾತದಿಂದ ತೀರಿಕೊಂಡರೆಂದು ವರದಿಗಳು ಬಂದವು. ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ, ಲಸಿಕೆಗೆ ಆತುರದಿಂದ ಅನುಮತಿ ಕೊಟ್ಟದ್ದೂ ಇದಕ್ಕೆ ಕಾರಣವಿರಬಹುದು ಎಂದರು. ಮರುದಿನವೇ ಕೇಂದ್ರ ಆರೋಗ್ಯ ಇಲಾಖೆ, ಲಸಿಕೆಗೂ ಹಠಾತ್ ಸಾವಿಗೂ ಸಂಬಂಧವಿಲ್ಲ ಎಂದು ಅಧ್ಯಯನಗಳನ್ನು ಮುಂದಿಟ್ಟಿತು. ಬಯೋಕಾನ್‌ನ ಕಿರಣ್ ಮಜುಂದಾರ್ ಷಾ ಮುಖ್ಯಮಂತ್ರಿಗಳ ಮಾತು ಸರಿಯಲ್ಲ ಎಂದರು. ಮುಖ್ಯಮಂತ್ರಿಗಳು ಉತ್ತರ ಕೊಟ್ಟರು.

ವಾದದ ನಡುವೆ ಗಮನಿಸಬೇಕಾದ್ದು ಅಧ್ಯಯನಗಳನ್ನು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 19 ರಾಜ್ಯಗಳ 47 ಆಸ್ಪತ್ರೆಗಳಲ್ಲಿ, ಆರೋಗ್ಯವಾಗಿದ್ದು ಹಠಾತ್ತನೆ ಸತ್ತ 18ರಿಂದ 45 ವಯಸ್ಸಿನವರ ವಿವರಗಳನ್ನು ಅದೇ ವಯಸ್ಸಿನ ಬದುಕಿರುವವರ ವಿವರಗಳ ಜೊತೆ ಹೋಲಿಸಿತ್ತು. ಲಸಿಕೆಯಿಂದ ಅಪಾಯ ಹೆಚ್ಚಿರಲಿಲ್ಲ. ಎರಡು ಡೋಸ್ ಪಡೆದವರಲ್ಲಿ ತಗ್ಗಿತ್ತು. ಹೆಚ್ಚಿದ್ದು ಕೊರೊನಾದಿಂದ ಆಸ್ಪತ್ರೆ ಸೇರಿದ್ದವರಿಗೆ, ಮನೆತನದಲ್ಲಿ ಹಠಾತ್ ಸಾವು ಇದ್ದವರಿಗೆ, ಮಿತಿಮೀರಿ ಕುಡಿದವರಿಗೆ. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ರಾಜ್ಯ ಸರ್ಕಾರವೇ ನೇಮಿಸಿದ್ದ ಸಮಿತಿಯೂ ಅಕಾಲಿಕ ಹೃದ್ರೋಗಕ್ಕೆ ಲಸಿಕೆ ಕಾರಣವೆಂಬುದಕ್ಕೆ ಆಧಾರ ಕಾಣಲಿಲ್ಲ. ಮುಖ್ಯಮಂತ್ರಿಗಳ ಸಂಶಯಕ್ಕೆ ಅವರದೇ ಸಮಿತಿ ಉತ್ತರ ಕೊಟ್ಟಂತಾಯಿತು. ಆದರೂ ಆ ವಾರಗಳಲ್ಲಿ ಮೈಸೂರು, ಬೆಂಗಳೂರುಗಳ ಜಯದೇವ ಆಸ್ಪತ್ರೆಯ ಬಾಗಿಲಲ್ಲಿ ಬೆಳಗಿನ ಜಾವದಿಂದಲೇ ಸಾಲು ನಿಂತಿತ್ತು. ಎದೆ ನೋವಿಲ್ಲದವರೂ ಇಸಿಜಿ ಮಾಡಿಸಲು ಬಂದಿದ್ದರು.

ಆಗ ಸರ್ಕಾರ ಇನ್ನೊಂದು ತೀರ್ಮಾನ ಮಾಡಿತು. ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಸಾವುಗಳನ್ನು ಇನ್ನು ಮುಂದೆ ಇಲಾಖೆಗೆ ತಿಳಿಸಲೇಬೇಕು, 45 ವರ್ಷದೊಳಗಿನವರಾದರೆ ಮರಣೋತ್ತರ ಪರೀಕ್ಷೆ ಆಗಬೇಕು ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಪ್ರಕಟಿಸಿದರು. 1898ರಲ್ಲಿ ಇದೇ ಸೀಮೆಯ ಜನ ಯಾವ ಪರೀಕ್ಷೆಗೆ ಹೆದರಿ ಹೆಣವನ್ನು ಹಿತ್ತಲಲ್ಲಿ ಹೂತರೋ ಅದು ಬೇಕೆಂದು ಈ ಬಾರಿ ಕೇಳಿದವರಲ್ಲಿ ಜನರೂ ಇದ್ದರು.